ಮುಕ್ಕಾಲು ಎಲೆಯ ಲೆಕ್ಕ

ಬೇರೆಯವರು ಬರೆದ ಕೋಡ್ ಓದುವಾಗ ಎಲ್ಲೋ ಮಧ್ಯದಲ್ಲಿ ಒಂದು ಅಂಕಿ ಸುಮ್ಮನೆ ಕೂತಿರುತ್ತೆ. ಯಾರು ಹಾಕಿದ್ರು, ಯಾಕೆ ಹಾಕಿದ್ರು ಅನ್ನೋದಕ್ಕೆ ಕಾಮೆಂಟ್ ಇರಲ್ಲ. ತೆಗೆದ್ರೆ ಮಾತ್ರ ಎಲ್ಲಾ ಕೆಡುತ್ತೆ. ನಮ್ಮ ಕೆಲಸದಲ್ಲಿ ಅದಕ್ಕೆ ಮ್ಯಾಜಿಕ್ ನಂಬರ್ ಅಂತೀವಿ. ಬೇಸಾಯದ ವಿಜ್ಞಾನದಲ್ಲೂ ಅಂಥದ್ದೊಂದಿದೆ. 0.75. ಜೋಳದ ಎಲೆಯ ಉದ್ದ ಅಳೀರಿ, ಎಲ್ಲಿ ಅತಿ ಅಗಲ ಇದೆಯೋ ಅಲ್ಲಿ ಅಗಲ ಅಳೀರಿ, ಎರಡನ್ನೂ ಗುಣಿಸಿ, ಬಂದದ್ದನ್ನ 0.75ರಿಂದ ಗುಣಿಸಿ. ಎಲೆಯ ವಿಸ್ತೀರ್ಣ ಸಿಕ್ತು. 60 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಎಲೆ ಅಂದ್ರೆ 480, ಅದರ ಮುಕ್ಕಾಲು 360 ಚದರ ಸೆಂ.ಮೀ. ಎಲೆ ಕೀಳೋದೂ ಬೇಡ, ಮಷೀನೂ ಬೇಡ. ಒಂದು ಸ್ಕೇಲು ಇದ್ರೆ ಸಾಕು.

ನಮ್ಮ ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳ ಎಂಎಸ್ಸಿ ಪ್ರಬಂಧ ಯಾವುದಾದ್ರೂ ತೆಗೆದು ‘ಸಾಮಗ್ರಿ ಮತ್ತು ವಿಧಾನ’ ಅನ್ನೋ ಅಧ್ಯಾಯ ತಿರುವಿ ನೋಡಿ. ಈ ಮುಕ್ಕಾಲೋ, ಅದರ ಅಣ್ಣತಮ್ಮನೋ ಅಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ನಾನು ಯಲಬುರ್ಗಾ ತಾಲೂಕಿನ ಎರೆಹೊಲದಿಂದ ಬಂದವನು, ಬಿಇ ಮಾಡಿ ಬೆಂಗಳೂರು ಸೇರಿದವನು. ಎಲೆ ಅನ್ನೋದು ದನ ತಿನ್ನೋ ವಸ್ತು ಅಂತ ತಿಳಿದು ಬೆಳೆದವನು. ಅದನ್ನ ಸ್ಕೇಲು ಹಿಡಿದು ಅಳೀತಾರೆ, ಅಳೆಯೋದಕ್ಕೆ ಸುಮಾರು ಮುನ್ನೂರು ವರ್ಷದ ಇತಿಹಾಸ ಇದೆ, ಆ ಅಳತೆ ಈಗ ಉಪಗ್ರಹ ಹತ್ತಿ ಕೂತು ಬೆಳೆ ವಿಮೆ ಲೆಕ್ಕಕ್ಕೂ ಬಂದಿದೆ ಅನ್ನೋದು ಗೊತ್ತಾಗಿದ್ದು ಈಚೆಗೆ. ಗೊತ್ತಾದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

ಮೊದಲು, ಎಲೆ ಯಾಕೆ ಅಳೀಬೇಕು? ಎಲೆ ಏಕಕಾಲಕ್ಕೆ ಎರಡು ಕೆಲಸ ಮಾಡುತ್ತೆ. ಒಂದು, ಬಿಸಿಲು ಹಿಡಿಯೋದು. ಸೋಲಾರ್ ಪ್ಯಾನೆಲ್ ಅಂದುಕೊಳ್ಳಿ. ಇನ್ನೊಂದು, ನೀರು ಬಿಡೋದು. ಬೇರು ಎಳೆದ ನೀರು ಎಲೆಯ ಸಣ್ಣ ರಂಧ್ರಗಳಿಂದ ಆವಿಯಾಗಿ ಹೋಗುತ್ತೆ. ಅಂದ್ರೆ ಎಲೆಯೇ ಗಳಿಕೆ, ಎಲೆಯೇ ಖರ್ಚು. ಎಲೆ ಎಷ್ಟಿದೆ ಅಂತ ಗೊತ್ತಿಲ್ಲದೆ ಬೆಳೆಯ ಜಮಾಖರ್ಚು ಬರೆಯೋಕೆ ಬರಲ್ಲ.

ಈ ಪುಸ್ತಕವನ್ನ ಮೊದಲು ತೆರೆದವರಲ್ಲಿ ಒಬ್ಬ ಇಂಗ್ಲೆಂಡಿನ ಪಾದ್ರಿ. ಲಂಡನ್ ಹತ್ತಿರದ ಟೆಡಿಂಗ್ಟನ್ ಅನ್ನೋ ಊರಿನ ಸ್ಟೀಫನ್ ಹೇಲ್ಸ್. 1724ರ ಜುಲೈನಲ್ಲಿ ಆತ ಕುಂಡದಲ್ಲಿದ್ದ ಒಂದು ಸೂರ್ಯಕಾಂತಿ ಗಿಡ ತಗೊಂಡ. ಮಣ್ಣಿನಿಂದ ನೀರು ಆವಿಯಾಗಬಾರದು ಅಂತ ಕುಂಡದ ಬಾಯಿಗೆ ಸೀಸದ ತಗಡು ಮುಚ್ಚಿದ. ಬೆಳಿಗ್ಗೆ ತೂಗಿದ, ಸಂಜೆ ತೂಗಿದ. ಕಡಿಮೆಯಾದ ತೂಕವೆಲ್ಲ ಗಿಡ ಬಿಟ್ಟ ನೀರು. ಹಗಲಿನ ಹನ್ನೆರಡು ಗಂಟೆಯಲ್ಲಿ ಸರಾಸರಿ ಒಂದು ಪೌಂಡು ನಾಲ್ಕು ಔನ್ಸು, ನಮ್ಮ ಲೆಕ್ಕದಲ್ಲಿ ಅರ್ಧ ಕೆಜಿಗೆ ಸ್ವಲ್ಪ ಮೇಲೆ.

ಕೊನೆಗೆ ಎಲ್ಲಾ ಎಲೆ ಕತ್ತರಿಸಿದ. ಆತ ಮುಂದೆ ಮಾಡಿದ್ದು ನನಗೆ ಬಹಳ ಇಷ್ಟವಾಯ್ತು. ಪ್ರತಿ ಎಲೆ ಅಳೆಯೋಕೆ ಹೋಗಲಿಲ್ಲ. ಗಾತ್ರ ನೋಡಿ ಐದು ಗುಂಪು ಮಾಡಿದ. ಪ್ರತಿ ಗುಂಪಿನಿಂದ ಒಂದು ಎಲೆ ತೆಗೆದ. ಕಾಲು ಇಂಚಿನ ಚೌಕ ಬರುವ ಹಾಗೆ ದಾರ ಕಟ್ಟಿದ ಜಾಲರಿಯನ್ನ ಆ ಎಲೆ ಮೇಲಿಟ್ಟು ಚೌಕ ಎಣಿಸಿದ. ಆಮೇಲೆ ಗುಂಪಿನ ಎಲೆಗಳ ಸಂಖ್ಯೆಯಿಂದ ಗುಣಿಸಿದ. ಒಟ್ಟು 5,616 ಚದರ ಇಂಚು, ಅಂದ್ರೆ 39 ಚದರ ಅಡಿ. ಆಳೆತ್ತರವೂ ಇಲ್ಲದ ಒಂದು ಗಿಡ ನಮ್ಮ ಮನೆಯ ಪಡಸಾಲೆಯಲ್ಲಿ ಹಾಸೋ ಚಾಪೆಗಿಂತ ದೊಡ್ಡ ಎಲೆ ಹೊತ್ತು ನಿಂತಿತ್ತು. ಗಾತ್ರಕ್ಕೆ ಗಾತ್ರ ಹೋಲಿಸಿದ್ರೆ ಸೂರ್ಯಕಾಂತಿ ಮನುಷ್ಯನಿಗಿಂತ 17 ಪಟ್ಟು ಹೆಚ್ಚು ಬೆವರುತ್ತೆ ಅಂತಲೂ ಆತ ಲೆಕ್ಕ ಹಾಕಿದ. 1727ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು. ಸ್ಯಾಂಪಲಿಂಗ್ ಅನ್ನೋ ಶಾಸ್ತ್ರ ಹುಟ್ಟೋದಕ್ಕೆ ಎಷ್ಟೋ ಮೊದಲೇ ಒಬ್ಬ ಪಾದ್ರಿ ಸೂರ್ಯಕಾಂತಿ ಎಲೆ ಮೇಲೆ ಅದನ್ನ ಮಾಡಿ ಮುಗಿಸಿದ್ದ.

ಆ ದಾರದ ಜಾಲರಿಯಲ್ಲೇ ಒಂದು ತಕರಾರು ಶುರುವಾಯ್ತು. ಎಲೆಯ ಅಂಚು ಚೌಕದ ಮಧ್ಯೆ ಹಾದು ಹೋದ್ರೆ ಆ ಚೌಕ ಎಣಿಸಬೇಕೋ ಬಿಡಬೇಕೋ? ಇವತ್ತು ಗ್ರಾಫ್ ಹಾಳೆ ಮೇಲೆ ಎಲೆ ಇಟ್ಟು ಪೆನ್ಸಿಲ್ಲಿನಿಂದ ಗೆರೆ ಎಳೆಯೋ ಹುಡುಗರಿಗೆ ಹೇಳಿಕೊಡೋ ನಿಯಮ, ಅರ್ಧಕ್ಕಿಂತ ಹೆಚ್ಚಿದ್ರೆ ಒಂದು, ಕಡಿಮೆ ಇದ್ರೆ ಸೊನ್ನೆ. ನಾವೆಲ್ಲ ಹೈಸ್ಕೂಲಿನಲ್ಲಿ ಇದನ್ನೇ ಕಲಿತಿದ್ದು. ಒಳಗಿನ ಚೌಕಗಳ ಬಗ್ಗೆ ಯಾರೂ ಜಗಳ ಮಾಡಲ್ಲ. ಜಗಳ ಏನಿದ್ರೂ ಬದುವಿನ ಮೇಲೆ. ಹೊಲದ್ದೂ ಹಾಗೇ ತಾನೇ?

ಮುಂದಿನ ಇನ್ನೂರು ವರ್ಷದಲ್ಲಿ ಬೇರೆ ಬೇರೆ ದಾರಿ ಬಂದವು. 1854ರಲ್ಲಿ ಯಾಕೋಬ್ ಆಮ್ಸ್ಲರ್ ಅನ್ನೋ ಸ್ವಿಸ್ ಗಣಿತಜ್ಞ ಪ್ಲಾನಿಮೀಟರ್ ಮಾಡಿದ. ಅಂಚಿನ ಗುಂಟ ಅದರ ಮೊನೆ ಎಳೀತಾ ಹೋದ್ರೆ ಒಳಗಿನ ವಿಸ್ತೀರ್ಣವನ್ನ ಚಕ್ರವೇ ಹೇಳುತ್ತೆ. ಅದು ಮುಖ್ಯವಾಗಿ ನಕ್ಷೆ ಅಳೆಯೋರ ಸಾಧನ. ಎಲೆಗೂ ಬಳಸಿದ್ರು. ಇನ್ನೊಂದು ಜುಗಾಡ್ ವಿಧಾನ ಕಾಗದದ್ದು. ಎಲೆಯ ಆಕಾರ ಕಾಗದದ ಮೇಲೆ ಬರೆದು, ಕತ್ತರಿಸಿ, ಆ ಕಾಗದ ತೂಗೋದು. ಅದೇ ಕಾಗದದ ಒಂದು ಚದರ ಡೆಸಿಮೀಟರ್ ತೂಕ ಗೊತ್ತಿದ್ರೆ ಮುಗೀತು. ಮತ್ತೊಂದು ಬಿಲ್ಲೆ ವಿಧಾನ. ಎಲೆಯಿಂದ ಗೊತ್ತಾದ ಅಳತೆಯ ದುಂಡು ಬಿಲ್ಲೆ ಒತ್ತಿ ತೆಗೆದು, ಒಣಗಿಸಿ, ತೂಗಿ, ಉಳಿದ ಎಲ್ಲಾ ಎಲೆಯ ಒಣ ತೂಕಕ್ಕೆ ತಾಳೆ ಹಾಕೋದು. ಕಡಲೆ, ಶೇಂಗಾದಂಥ ಸಣ್ಣ ಎಲೆಯ ಬೆಳೆಗೆ ಬೇರೇನು ಮಾಡೋಕಾಗುತ್ತೆ? ಒಂದೊಂದು ಎಲೆಗೂ ಸ್ಕೇಲು ಹಿಡಿದು ಕೂತ್ರೆ ಸುಗ್ಗಿ ಮುಗಿದಿರುತ್ತೆ.

ಈಗ ಮುಕ್ಕಾಲಿಗೆ ಬರೋಣ. 1911ರಲ್ಲಿ ಅಮೆರಿಕದ ನೆಬ್ರಾಸ್ಕಾ ಕೃಷಿ ಪ್ರಯೋಗ ಕೇಂದ್ರದ ವರದಿಯಲ್ಲಿ ಇ. ಜಿ. ಮಾಂಟ್ಗೊಮೆರಿ ಅನ್ನುವವರು ಮೆಕ್ಕೆಜೋಳಕ್ಕೆ ಈ ಸೂತ್ರ ಕೊಟ್ರು. ನಮ್ಮ ಕಡೆ ಗೋವಿನಜೋಳ ಅಂತೀವಲ್ಲ, ಅದಕ್ಕೆ. ಮುಕ್ಕಾಲೇ ಯಾಕೆ ಅನ್ನೋದಕ್ಕೆ ಒಂದು ಸಣ್ಣ ರೇಖಾಗಣಿತ ಸಾಕು. ಎಲೆ ಪೂರ್ತಿ ಆಯತವಾಗಿದ್ರೆ ಗುಣಕ 1. ಬುಡದಿಂದ ತುದಿಗೆ ನೇರ ಗೆರೆಯಲ್ಲಿ ಸಣ್ಣಗಾಗೋ ತ್ರಿಕೋನವಾಗಿದ್ರೆ 0.5. ಎರಡೂ ತುದಿ ದುಂಡಗಿರೋ ದೀರ್ಘವೃತ್ತ ಆಗಿದ್ರೆ ಪೈಯನ್ನ ನಾಲ್ಕರಿಂದ ಭಾಗಿಸಿದ್ದು, ಅಂದ್ರೆ 0.785. ಗೋವಿನಜೋಳದ ಎಲೆ ಬುಡದ ಕಡೆ ಬಹಳ ದೂರ ಅಗಲ ಉಳಿಸಿಕೊಂಡು ತುದಿಯಲ್ಲಿ ಚೂಪಾಗುತ್ತೆ. ಹಾಗಾಗಿ ಒಂದು ಮತ್ತು ಅರ್ಧದ ನಡುವೆ ಬಂದು ನಿಲ್ಲುತ್ತೆ. ದೇವರು ಇಟ್ಟ ಸಂಖ್ಯೆ ಏನಲ್ಲ, ಆಕಾರದ ಸರಾಸರಿ ಅಷ್ಟೇ. 1961ರಲ್ಲಿ ಕನ್ಸಾಸ್‌ನ ಸ್ಟಿಕ್ಲರ್ ಮತ್ತು ಜೊತೆಗಾರರು ಬಿಳಿಜೋಳದ ಜಾತಿಗೆ ಅಳೆದಾಗ 0.747 ಬಂತು. ಮೂರನೇ ದಶಮಾಂಶದವರೆಗೆ ಹೋಗಿ ಮತ್ತೆ ಮುಕ್ಕಾಲಿಗೇ ವಾಪಸ್!

ಈ ಸೂತ್ರದ ಒಂದು ದೌರ್ಬಲ್ಯ ನಮ್ಮ ಕಡೆಯ ರೈತರಿಗೆ ತಕ್ಷಣ ಗೊತ್ತಾಗುತ್ತೆ. ಅದಕ್ಕೆ ತೂತು ಕಾಣಲ್ಲ. 2018ರಲ್ಲಿ ಫಾಲ್ ಆರ್ಮಿವರ್ಮ್ ಅನ್ನೋ ಸೈನಿಕ ಹುಳ ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಗೋವಿನಜೋಳದ ಸುಳಿ, ಎಲೆ ಜರಡಿ ಆಗಿದ್ದನ್ನ ನೋಡಿದವರು ಕೇಳಲಿ: ಉದ್ದ ಅಷ್ಟೇ ಇದೆ, ಅಗಲ ಅಷ್ಟೇ ಇದೆ, ನಡುವೆ ಅರ್ಧ ಎಲೆ ಹುಳದ ಹೊಟ್ಟೆಯಲ್ಲಿದೆ. 0.75 ಏನು ಮಾಡಬೇಕು? ಕೆಳಗಿನ ಅರ್ಧ ಒಣಗಿದ ಎಲೆಯದೂ ಇದೇ ಕಥೆ. ಹಸಿರು ಭಾಗ ಮಾತ್ರ ಲೆಕ್ಕಕ್ಕೆ ಅಂತ ನಿಯಮ ಇರುತ್ತೆ. ಆದ್ರೆ ಹಸಿರು ಎಲ್ಲಿ ಮುಗೀತು ಅಂತ ಹೇಳೋದು ಅಳೆಯೋನ ಕಣ್ಣು.

ಅದಿರಲಿ. ಒಂದು ಎಲೆ ಅಳೆಯೋದು ಬೇರೆ, ಹೊಲ ಅಳೆಯೋದು ಬೇರೆ. ಆ ಜಿಗಿತ ಮಾಡಿದ್ದು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಪ್ರಯೋಗ ಕೇಂದ್ರದ ಡಿ. ಜೆ. ವಾಟ್ಸನ್, 1947ರಲ್ಲಿ. ಅದಕ್ಕೂ ಮೊದಲು 1919ರಲ್ಲಿ ವಿ. ಎಚ್. ಬ್ಲ್ಯಾಕ್‌ಮನ್ ಗಿಡದ ಬೆಳವಣಿಗೆ ಚಕ್ರಬಡ್ಡಿಯ ಹಾಗೆ ಅಂತ ಹೇಳಿದ್ರು. ಬೀಜ ಅಸಲು, ದಿನದಿನದ ಬೆಳವಣಿಗೆ ಬಡ್ಡಿ, ಬಡ್ಡಿಯೂ ಅಸಲಿಗೆ ಸೇರಿ ಮತ್ತೆ ಬಡ್ಡಿ ಹುಟ್ಟಿಸುತ್ತೆ. ಸಾಹುಕಾರನ ಹತ್ತಿರ ಸಾಲ ಮಾಡಿದ ಯಾವ ಮನೆಗೂ ಇದನ್ನ ಬಿಡಿಸಿ ಹೇಳಬೇಕಿಲ್ಲ. ಆದ್ರೆ ಈ ಲೆಕ್ಕ ಒಂಟಿ ಗಿಡಕ್ಕೆ. ಹೊಲದಲ್ಲಿ ಗಿಡ ಒಂಟಿಯಾಗಿರಲ್ಲ, ಪಕ್ಕದ ಗಿಡದ ನೆರಳಲ್ಲಿರುತ್ತೆ. ವಾಟ್ಸನ್ ಕೇಳಿದ ಪ್ರಶ್ನೆ ಸರಳ: ಒಂದು ಚದರ ಮೀಟರ್ ನೆಲದ ಮೇಲೆ ಎಷ್ಟು ಚದರ ಮೀಟರ್ ಎಲೆ ಇದೆ? ಅದಕ್ಕೆ ಆತ ಎಲೆ ವಿಸ್ತೀರ್ಣ ಸೂಚ್ಯಂಕ ಅಂತ ಹೆಸರಿಟ್ಟ. ಎಲ್‌ಎಐ ಅಂತ ಈಗ ಎಲ್ಲರೂ ಕರೀತಾರೆ. ಮೀಟರಿನಿಂದ ಮೀಟರ್ ಹೊಡೆದುಹೋಗಿ ಬರೀ ಅಂಕಿ ಉಳಿಯುತ್ತೆ.

ಲೆಕ್ಕ ಮಾಡಿ ನೋಡೋಣ. ಹಿಂಗಾರಿ ಜೋಳ, ಸಾಲಿನಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಒಂದು ಗಿಡದ ಪಾಲಿನ ನೆಲ 675 ಚದರ ಸೆಂ.ಮೀ. ಗಿಡಕ್ಕೆ ಎಂಟು ಎಲೆ, ಸರಾಸರಿ 200 ಅಂತ ಹಿಡಿದ್ರೆ 1,600. ಎಲ್‌ಎಐ ಸುಮಾರು 2.4. ಅದೇ ಗಂಗಾವತಿಯ ಗದ್ದೆಯಲ್ಲಿ 20ಕ್ಕೆ 10 ಸೆಂ.ಮೀ. ನಾಟಿ ಮಾಡಿದ ಭತ್ತ, ಒಂದು ಗುಣಿಗೆ 200 ಚದರ ಸೆಂ.ಮೀ. ನೆಲ. ಆ ಬುಡದ ತೆಂಡೆಗಳ ಎಲೆಯೆಲ್ಲ ಕೂಡಿ 1,000 ಆದ್ರೆ ಎಲ್‌ಎಐ 5. ಒಂದೇ ಜಿಲ್ಲೆ, ಗಂಟೆ ಎರಡು ಗಂಟೆಯ ಬಸ್ ಪ್ರಯಾಣ, ಎಲೆ ಎರಡು ಪಟ್ಟು.

ನಮ್ಮಪ್ಪನಿಗೆ ಎಲ್‌ಎಐ ಗೊತ್ತಿಲ್ಲ. ಆದ್ರೆ ಎಡೆ ಹೊಡೆಯೋದನ್ನ ಯಾವಾಗ ನಿಲ್ಲಿಸಬೇಕು ಅಂತ ಗೊತ್ತು. “ಬೆಳಿ ನೆಲಾ ಮುಚ್ಚೈತಿ, ಇನ್ನ ಎಡಿ ಸಾಕು” ಅಂತಾನೆ. ನಡು ಮಧ್ಯಾಹ್ನ ಸಾಲಿನ ನಡುವೆ ಬಿಸಿಲಿನ ಚುಕ್ಕೆ ಎಷ್ಟು ಬಿದ್ದಿದೆ ಅಂತ ನೋಡಿ ಹೇಳೋ ಮಾತು ಅದು. ಜಪಾನಿನ ಮೋನ್ಸಿ ಮತ್ತು ಸಾಯೆಕಿ 1953ರಲ್ಲಿ ಇದನ್ನೇ ಸಮೀಕರಣ ಮಾಡಿದ್ರು. ಮೇಲಿನಿಂದ ಬಂದ ಬೆಳಕು ಎಲೆಯ ಪದರ ದಾಟುತ್ತಾ ಘಾತದ ಲೆಕ್ಕದಲ್ಲಿ ಕಮ್ಮಿಯಾಗುತ್ತೆ. ಗುಣಕ 0.5 ಅಂತ ಹಿಡಿದ್ರೆ ಎಲ್‌ಎಐ 2 ಇರೋ ಹೊಲದಲ್ಲಿ ಬೆಳಕಿನ ಶೇ 37 ನೆಲ ಮುಟ್ಟುತ್ತೆ. ಎಲ್‌ಎಐ 5 ಇದ್ರೆ ಬರೀ ಶೇ 8. ಹಾಗಾಗಿ ಎಲೆ ಮುಟ್ಟದೆಯೇ, ಬೆಳೆಯ ಮೇಲೊಮ್ಮೆ ಕೆಳಗೊಮ್ಮೆ ಬೆಳಕು ಅಳೆದು ಎಲೆ ಎಷ್ಟಿದೆ ಅಂತ ಹೇಳಬಹುದು. ಇವತ್ತಿನ ಕ್ಯಾನೊಪಿ ಅನಲೈಸರ್‌ಗಳ ಹೊಟ್ಟೆಯಲ್ಲಿರೋದು ಇದೇ ತರ್ಕ. ಅಂಥ ಮಷೀನುಗಳಿಗೆ ಹೆಸರಾದ ಲೈ-ಕೋರ್ ಕಂಪನಿ 1971ರಲ್ಲಿ ಶುರುವಾಗಿದ್ದು ನೆಬ್ರಾಸ್ಕಾದ ಲಿಂಕನ್‌ನಲ್ಲಿ, ಮಾಂಟ್ಗೊಮೆರಿಯ ರಾಜ್ಯದಲ್ಲೇ.

1953 ಅಂದ ಕೂಡಲೇ ನಮ್ಮ ಕಡೆಯವರಿಗೆ ಬೇರೇನೋ ನೆನಪಾಗಬೇಕು. ತುಂಗಭದ್ರಾ ಅಣೆಕಟ್ಟು. 1945ರಲ್ಲಿ ಕೆಲಸ ಶುರುವಾದಾಗ ಹೊಳೆಯ ಈ ಕಡೆ, ಕೊಪ್ಪಳದ ಕಡೆ, ನಿಜಾಮರ ಹೈದರಾಬಾದ್. ಆ ಕಡೆ ಮದ್ರಾಸ್ ಪ್ರಾಂತ್ಯ. 1953ರಲ್ಲಿ ನೀರು ಬರೋ ಹೊತ್ತಿಗೆ ಎರಡೂ ಸರ್ಕಾರ ಬದಲಾಗಿದ್ದವು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿಯ ಕಡೆ ಹರೀತು. ಯಲಬುರ್ಗಾ, ಕುಷ್ಟಗಿ ಮೇಲೆ ಉಳಿದವು, ಮಳೆ ನಂಬಿಕೊಂಡು.

ಆ ಕಾಲುವೆಯ ಮೂಲ ಯೋಜನೆ ಭತ್ತದ್ದಲ್ಲ ಅಂತ ಎಷ್ಟು ಜನಕ್ಕೆ ಗೊತ್ತು? ಬರ ತಡೆಯೋಕೆ ಹೆಚ್ಚು ಎಕರೆಗೆ ಸ್ವಲ್ಪ ಸ್ವಲ್ಪ ನೀರು ಅನ್ನೋದು ಲೆಕ್ಕ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಅಂತ ಲೋಕಲೈಸೇಶನ್ ಮಾಡಿ, ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ ಹೆಚ್ಚಿನ ಜಮೀನು, ಭತ್ತಕ್ಕೆ ಸ್ವಲ್ಪ ಜಮೀನು ಬರೆದಿದ್ರು. ಕರಾವಳಿ ಆಂಧ್ರದಿಂದ ರೈತರು ಬಂದು ಕ್ಯಾಂಪು ಕಟ್ಟಿಕೊಂಡ್ರು, ಗದ್ದೆ ಮಾಡಿದ್ರು. ಅವರನ್ನ ನೋಡಿ ನಮ್ಮವರೂ ಮಾಡಿದ್ರು. ಮೇಲ್ಭಾಗದವರು ಭತ್ತ ಹಾಕಿದ್ರೆ ಕೊನೆ ಭಾಗದವರಿಗೆ ನೀರು ಮುಟ್ಟಲ್ಲ; ಈ ಜಗಳ ಇವತ್ತಿಗೂ ಪ್ರತಿ ವರ್ಷದ ಸುದ್ದಿ. ಕಾಗದದಲ್ಲಿ ಎಕರೆ ಅಷ್ಟೇ ಇತ್ತು. ಆ ಎಕರೆ ಮೇಲೆ ನಿಂತ ಎಲೆ ಮಾತ್ರ ದುಪ್ಪಟ್ಟು, ಎಲೆಯ ಕೆಳಗೆ ನಿಂತ ನೀರು ಬೇರೆ. ಯೋಜನೆ ಮಾಡಿದವರು ಎಕರೆ ಎಣಿಸಿದ್ರು, ಹೇಲ್ಸ್ ಪಾದ್ರಿಯ ಹಾಗೆ ಎಲೆ ಎಣಿಸಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ಎಣಿಸಿದ್ರೂ ರೈತರು ಕೇಳ್ತಿದ್ರು ಅಂತೇನಲ್ಲ, ಭತ್ತಕ್ಕೆ ಸಿಗೋ ದುಡ್ಡಿನ ಮುಂದೆ.

ಎಲೆ ಅಳತೆ ಗದ್ದೆಯನ್ನ ಇನ್ನೊಂದು ರೀತಿಯಲ್ಲೂ ಬದಲಾಯಿಸಿತು. ಎಲೆ ಜಾಸ್ತಿಯಾದ್ರೆ ಕೆಳಗಿನ ಎಲೆಗೆ ಬೆಳಕಿಲ್ಲ ಅಂತ ಗೊತ್ತಾದ ಮೇಲೆ, ಬಾಗಿದ ಎಲೆಯ ಬದಲು ನೆಟ್ಟಗೆ ನಿಂತ ಎಲೆಯ ತಳಿ ಹುಡುಕಿದ್ರು. 1966ರಲ್ಲಿ ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಐಆರ್-8 ಗಿಡ್ಡ, ನೆಟ್ಟನೆ ಎಲೆಯದು. ಇವತ್ತು ಗಂಗಾವತಿ ಗದ್ದೆಯ ಬದುವಿನ ಮೇಲೆ ನಿಂತ್ರೆ ಮೇಲಿನ ಎಲೆಗಳು ಕತ್ತಿ ಹಾಗೆ ನಿಂತಿರೋದು ಕಾಣುತ್ತಲ್ಲ, ಅದರ ಹಿಂದೆ ಈ ಲೆಕ್ಕ ಇದೆ. ಅದೇ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಬಗ್ಗೆ ವರ್ಷಗಟ್ಟಲೆ ಕೆಲಸ ನಡೆದಿದೆ. ನೀರು ನಿಂತು ಉಪ್ಪು ಮೇಲೆ ಬಂದ ನೆಲ ಕಾಲುವೆಯ ಇನ್ನೊಂದು ಬಿಲ್ಲು. ಉಪ್ಪಿನ ಪೆಟ್ಟು ಮೊದಲು ಬೀಳೋದು ಹೊಸ ಎಲೆ ಅಗಲವಾಗೋದರ ಮೇಲೆ. ಕಾಳು ಕಮ್ಮಿಯಾಗಿದ್ದು ಸುಗ್ಗಿಯಲ್ಲಿ ಗೊತ್ತಾದ್ರೆ, ಎಲೆ ಕಿರಿದಾಗಿದ್ದು ಎಷ್ಟೋ ವಾರ ಮುಂಚೆ ಸ್ಕೇಲಿಗೆ ಸಿಗುತ್ತೆ.

ನಮ್ಮವರೂ ಈ ಇತಿಹಾಸದಲ್ಲಿದ್ದಾರೆ, ಅದೂ ಜೋಳದ ಎಲೆ ಹಿಡಿದುಕೊಂಡು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಆಗ ಇಡೀ ರಾಜ್ಯಕ್ಕೆ ಒಂದೇ. ಧಾರವಾಡದ್ದು ಬೇರೆಯಾಗಿದ್ದು 1986ರಲ್ಲಿ, ರಾಯಚೂರಿನದು 2009ರಲ್ಲಿ. ಅಲ್ಲಿನ ಕೆ. ಕೃಷ್ಣಮೂರ್ತಿ, ಎಂ. ಕೆ. ಜಗನ್ನಾಥ್, ಬಿ. ಜಿ. ರಾಜಶೇಖರ, ಜಿ. ರಘುನಾಥ 1974ರಲ್ಲಿ ಅಮೆರಿಕದ ಅಗ್ರಾನಮಿ ಜರ್ನಲ್‌ನಲ್ಲಿ ಎರಡೇ ಪುಟದ ಲೇಖನ ಬರೆದ್ರು: ಜೋಳದಲ್ಲಿ ಒಂದೇ ಒಂದು ಎಲೆಯ ಅಳತೆಯಿಂದ ಇಡೀ ಗಿಡದ ಎಲೆ ವಿಸ್ತೀರ್ಣ ಅಂದಾಜು ಮಾಡೋದು ಹೇಗೆ ಅಂತ. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಪಳನಿಸ್ವಾಮಿ ಮತ್ತು ಗೋಮೆಜ್ ಭತ್ತಕ್ಕೆ ಉದ್ದ-ಅಗಲದ ವಿಧಾನ ಪರೀಕ್ಷಿಸಿದ್ರು. ಎರಡು ವರ್ಷ ಮೊದಲು, 1972ರಲ್ಲಿ, ವಿವೇಕಾನಂದನ್, ಗುಣಸೇನ, ಶಿವನಾಯಗಂ ಅನ್ನುವವರು ಎಲೆ ಅಂದಾಜಿನ ಮೂರು ವಿಧಾನಗಳ ನಿಖರತೆಯನ್ನ ಸಂಖ್ಯಾಶಾಸ್ತ್ರದಿಂದ ಹೋಲಿಸಿ ಇಂಡಿಯನ್ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್‌ನಲ್ಲಿ ಬರೆದ್ರು. ಧಾರವಾಡದ ಪ್ರಬಂಧಗಳಲ್ಲಿ ಬಿಲ್ಲೆ ವಿಧಾನ ಬಂದ ಕಡೆ ಇವರ ಹೆಸರು ಬರುತ್ತೆ.

ನಮ್ಮ ದೊಡ್ಡಪ್ಪನ ಮಗಳು ಎಂಎಸ್ಸಿ ಅಗ್ರಿ ಮಾಡುವಾಗ ಈ ಕೆಲಸದ ಕಷ್ಟ ನೋಡಿದ್ದೇನೆ. ಮೂವತ್ತು ದಿನ, ಅರವತ್ತು ದಿನ, ತೊಂಬತ್ತು ದಿನದ ಬೆಳೆ, ಪ್ರತಿ ಪ್ಲಾಟಿನಿಂದ ಐದೈದು ಗಿಡ. ಎಲೆ ಬಾಡಿ ಸುರುಳಿ ಸುತ್ತೋದಕ್ಕೆ ಮುಂಚೆ ಅಳೀಬೇಕು, ಹಾಗಾಗಿ ಊಟವೂ ಇಲ್ಲ. ಇಷ್ಟೆಲ್ಲ ಯಾಕೆ, ಒಂದು ಆ್ಯಪ್ ಮಾಡಿಕೊಡ್ತೀನಿ ತಡಿ ಅಂದಿದ್ದಕ್ಕೆ, “ಅಣ್ಣಾ, ಆ್ಯಪು ಆಮ್ಯಾಲ ಮಾಡೀಯಂತ, ಮೊದ್ಲ ಈ ಎಲಿ ತುದಿ ಹಿಡಿ” ಅಂದ್ಲು. ಹಿಡಿದೆ. ಫೋಟೋ ತೆಗೆದು ಹಸಿರು ಪಿಕ್ಸೆಲ್ ಎಣಿಸೋ ಸಾಫ್ಟ್‌ವೇರ್ ಆಗಲೇ ಇದ್ದವು. 2014ರಲ್ಲಿ ಅಮೆರಿಕದ ಈಸ್ಲನ್ ಮತ್ತು ಬ್ಲೂಮ್ ಉಚಿತವಾಗಿ ಕೊಟ್ಟದ್ದರಲ್ಲಿ ಎಲೆ ಪಕ್ಕ ನಾಲ್ಕು ಚದರ ಸೆಂ.ಮೀ. ಕೆಂಪು ತುಂಡು ಇಟ್ಟು ಫೋಟೋ ತೆಗೆದ್ರೆ ಸಾಕು, ಅದೇ ಸ್ಕೇಲು. ಹೇಲ್ಸ್‌ನ ದಾರದ ಚೌಕ ಸಣ್ಣಗಾಗಿ ಸಣ್ಣಗಾಗಿ ಪಿಕ್ಸೆಲ್ ಆಗಿದೆ ಅಷ್ಟೇ.

ಇಲ್ಲಿ ವಾಟ್ಸನ್‌ಗೆ ನಮ್ಮ ಎರೆಹೊಲದ ಕಡೆಯಿಂದ ಒಂದು ತಿದ್ದುಪಡಿ ಇದೆ. ಇಳುವರಿಯ ವ್ಯತ್ಯಾಸಕ್ಕೆ ಮುಖ್ಯ ಕಾರಣ ಎಲೆ ಎಷ್ಟಿದೆ, ಎಷ್ಟು ದಿನ ಹಸಿರಿದೆ ಅನ್ನೋದೇ ಅಂತ ಆತ ತೋರಿಸಿದ್ದ. ಇಂಗ್ಲೆಂಡಿನ ಗೋಧಿ, ಬಾರ್ಲಿ, ಆಲೂಗಡ್ಡೆಗೆ ಅದು ಸರಿ. ಹಿಂಗಾರಿ ಜೋಳದ ಸ್ಥಿತಿ ಬೇರೆ. ಮಳೆಗಾಲ ಮುಗಿಯೋ ಹೊತ್ತಿಗೆ ಬಿತ್ತಿ, ಎರೆಮಣ್ಣು ಹಿಡಿದಿಟ್ಟ ತೇವದ ಮೇಲೆ ಮಾಗಿಯ ಚಳಿಯಲ್ಲಿ ಬೆಳೆಯೋದು. ಆ ತೇವ ಒಂದು ಸಲದ ಸಂಬಳ, ಮತ್ತೆ ಬರಲ್ಲ. ಮೊದಲ ಎರಡು ತಿಂಗಳಲ್ಲೇ ಎಲೆ ಹೆಚ್ಚಾಗಿ ಬಿಟ್ರೆ ತೆನೆ ಕಾಳು ಕಟ್ಟೋ ಹೊತ್ತಿಗೆ ನೆಲ ಬಿರುಕು ಬಿಟ್ಟಿರುತ್ತೆ. ಸಾಲು ಅಗಲ ಬಿಡೋದು, ಸಸಿ ತೆಗೆದು ತೆಳ್ಳಗೆ ಮಾಡೋದು, ಬಿರುಕು ಮುಚ್ಚೋ ಹಾಗೆ ಎಡೆ ಹೊಡೆಯೋದು, ಎಲ್ಲಾ ಈ ಖರ್ಚಿಗೆ ಕಡಿವಾಣ. ಇಲ್ಲಿ ಎಲೆ ಕಮ್ಮಿ ಇರೋ ಹೊಲವೇ ಕೆಲವೊಮ್ಮೆ ಜಾಣ ಹೊಲ. ಮೇಲಿನಿಂದ ನೋಡೋರಿಗೆ ಇದು ತಿಳೀಬೇಕಲ್ಲ?

ಮೇಲಿನಿಂದ ನೋಡೋರು 1972ರಲ್ಲಿ ಬಂದ್ರು, ಮೊದಲ ಲ್ಯಾಂಡ್‌ಸ್ಯಾಟ್ ಜೊತೆಗೆ. ಹಸಿರು ಎಲೆ ಕೆಂಪು ಬೆಳಕು ನುಂಗುತ್ತೆ, ಕಣ್ಣಿಗೆ ಕಾಣದ ಸಮೀಪ ಅವಕೆಂಪು ಬೆಳಕನ್ನ ವಾಪಸ್ ಎಸೆಯುತ್ತೆ. ಇವೆರಡರ ವ್ಯತ್ಯಾಸವನ್ನ ಮೊತ್ತದಿಂದ ಭಾಗಿಸಿದ್ರೆ ಎನ್‌ಡಿವಿಐ ಅನ್ನೋ ಹಸಿರಿನ ಸೂಚ್ಯಂಕ. ಟೆಕ್ಸಾಸ್‌ನ ರೌಸ್ ಮತ್ತು ಜೊತೆಗಾರರು ಇದನ್ನ ಕೊಟ್ಟಿದ್ದು 1973-74ರ ಸುಮಾರಿಗೆ, ನಮ್ಮ ಕೃಷ್ಣಮೂರ್ತಿಯವರ ಒಂದೆಲೆ ಲೆಕ್ಕ ಬಂದ ಹೊತ್ತಿಗೇ. ಆಗಿನ ಒಂದು ಪಿಕ್ಸೆಲ್ ಸುಮಾರು 80 ಮೀಟರ್ ಚೌಕ, ಒಂದೂವರೆ ಎಕರೆ. 2015ರಲ್ಲಿ ಯುರೋಪಿನವರು ಹಾರಿಸಿದ ಸೆಂಟಿನೆಲ್-2 ಉಪಗ್ರಹದ್ದು 10 ಮೀಟರ್ ಚೌಕ, 100 ಚದರ ಮೀಟರ್.

ಈ ಅಂಕಿ ನೋಡಿದಾಗ ನಾನು ಎರಡು ಸಲ ಕ್ಯಾಲ್ಕುಲೇಟರ್ ಒತ್ತಿದೆ. ನಮ್ಮ ಪಹಣಿಯ ಗುಂಟೆ ಅಂದ್ರೆ 33 ಅಡಿ ಚೌಕ, 1,089 ಚದರ ಅಡಿ. ಮೀಟರಿಗೆ ತಿರುಗಿಸಿದ್ರೆ 101 ಚದರ ಮೀಟರ್. ಒಂದು ಪಿಕ್ಸೆಲ್, ಹೆಚ್ಚೂ ಕಮ್ಮಿ ಒಂದು ಗುಂಟೆ! ಬ್ರಿಟಿಷ್ ಕಾಲದ ಸರ್ವೆ ಚೈನಿಗೂ ಯುರೋಪಿನ ಕ್ಯಾಮರಾಕ್ಕೂ ಸಂಬಂಧ ಏನೂ ಇಲ್ಲ. ಆದ್ರೂ ನಲವತ್ತು ಗುಂಟೆಗೆ ಒಂದು ಎಕರೆ ಅಂತ ಎಣಿಸಿ ಬೆಳೆದವನಿಗೆ ಇದಕ್ಕಿಂತ ಸಲೀಸಾದ ಪಿಕ್ಸೆಲ್ ಸಿಗಲ್ಲ.

ಆದ್ರೆ ಗುಂಟೆಯನ್ನ ಸರ್ವೇಯರ್ ಹೊಲದ ಬದುವಿನಿಂದ ಶುರು ಮಾಡ್ತಾನೆ. ಉಪಗ್ರಹದ ಚೌಕ ತನ್ನ ಪಾಡಿಗೆ ತಾನು ಬೀಳುತ್ತೆ. ಒಂದು ಎಕರೆಯ ಚೌಕ ಹೊಲದ ಬದಿ ಸುಮಾರು 64 ಮೀಟರ್. ಅದರೊಳಗೆ ಪೂರ್ತಿ ಬೀಳೋ ಪಿಕ್ಸೆಲ್ 25ರಿಂದ 30. ಬದುವಿನ ಮೇಲೆ ಅರ್ಧಂಬರ್ಧ ಕೂರೋವು ಹೆಚ್ಚೂ ಕಮ್ಮಿ ಅಷ್ಟೇ. ಅವುಗಳಲ್ಲಿ ನಮ್ಮ ಜೋಳವೂ ಇದೆ, ಪಕ್ಕದವರ ಕಡಲೆಯೂ ಇದೆ, ಬದುವಿನ ಜಾಲಿಯೂ ಇದೆ. ಹೇಲ್ಸ್‌ನ ಜಾಲರಿಯ ಅಂಚಿನ ಚೌಕವೇ ಇದು, ಬರೀ ದೊಡ್ಡದು.

ಇನ್ನೂ ಎರಡು ತೊಡಕಿದೆ. ಎಲ್‌ಎಐ ಮೂರರ ಆಸುಪಾಸು ದಾಟಿದ ಮೇಲೆ ಎನ್‌ಡಿವಿಐ ಹೆಚ್ಚು ಏರಲ್ಲ. ಗಂಗಾವತಿ ಗದ್ದೆ ನಾಲ್ಕಿರಲಿ ಆರಿರಲಿ ಅದಕ್ಕೆ ಹೆಚ್ಚು ಕಮ್ಮಿ ಒಂದೇ ಹಸಿರು. ನಮ್ಮ ಒಣಬೇಸಾಯದ ಕಡೆ ಉಲ್ಟಾ: ಎಲೆ ತೆಳ್ಳಗಿದ್ದಾಗ ಸಾಲಿನ ನಡುವಿನ ನೆಲ ಕಾಣುತ್ತೆ, ಆ ನೆಲದ ಬಣ್ಣವೂ ಲೆಕ್ಕದೊಳಗೆ ಬರುತ್ತೆ. ಅಷ್ಟೇ ಎಲೆ ಇದ್ರೂ ಕಪ್ಪು ನೆಲದ ಮೇಲೆ ಎನ್‌ಡಿವಿಐ ಜಾಸ್ತಿ, ತಿಳಿ ಬಣ್ಣದ ನೆಲದ ಮೇಲೆ ಕಮ್ಮಿ. ಎರೆ, ಮಸಾರಿ ಎರಡೂ ಅಕ್ಕಪಕ್ಕ ಇರೋ ಕುಷ್ಟಗಿ ಕಡೆ ಇದು ಸಣ್ಣ ಮಾತಲ್ಲ. 1988ರಲ್ಲಿ ಹ್ಯೂಟ್ ಅನ್ನುವವರು ನೆಲದ ಪ್ರಭಾವ ತಗ್ಗಿಸೋಕೆ ಸೂತ್ರಕ್ಕೆ ಇನ್ನೊಂದು ಅಂಕಿ ಸೇರಿಸಿದ್ರು, ಸಾಮಾನ್ಯವಾಗಿ 0.5. ಮತ್ತೊಂದು ಮ್ಯಾಜಿಕ್ ನಂಬರ್.

ಇಷ್ಟೆಲ್ಲ ಪಂಡಿತರ ಚರ್ಚೆ ಅಂತ ಬಿಡಬಹುದಿತ್ತು, ದುಡ್ಡಿನ ಪ್ರಶ್ನೆ ಬರದಿದ್ರೆ. ಬೆಳೆ ವಿಮೆ ಕರ್ನಾಟಕಕ್ಕೆ ಹೊಸದಲ್ಲ. ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದ ಜೆ. ಎಸ್. ಚಕ್ರವರ್ತಿ ನೂರು ವರ್ಷಕ್ಕೂ ಹಿಂದೆಯೇ ಮಳೆ ಆಧಾರದ ವಿಮೆ ಯೋಚಿಸಿ 1920ರಲ್ಲಿ ಪುಸ್ತಕ ಮಾಡಿದ್ರು. ಒಬ್ಬೊಬ್ಬನ ಹೊಲ ನೋಡೋದು ಕಷ್ಟ, ಹಾಗಾಗಿ ಒಂದು ಪ್ರದೇಶಕ್ಕೆಲ್ಲ ಒಂದೇ ಲೆಕ್ಕ ಅನ್ನೋದು ಅವರ ತರ್ಕ. 2016ರ ಫಸಲ್ ಬಿಮಾ ಯೋಜನೆಯಲ್ಲೂ ಆ ತರ್ಕವೇ ಉಳಿದಿದೆ. ಮುಖ್ಯ ಬೆಳೆಗೆ ಗ್ರಾಮ ಪಂಚಾಯ್ತಿ ಒಂದು ಘಟಕ, ಅದರಲ್ಲಿ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ. ಹಗ್ಗ ಹಿಡಿದು ಗೊತ್ತಾದ ಅಳತೆಯ ಚೌಕ ಹಾಕಿ, ಒಳಗಿನದ್ದನ್ನ ಕೊಯ್ದು, ಬಡಿದು, ತೂಗೋದು. ಆ ತೂಕದ ಮೇಲೆ ಇಡೀ ಪಂಚಾಯ್ತಿಗೆ ಪರಿಹಾರ ಬರುತ್ತೋ ಇಲ್ಲವೋ ತೀರ್ಮಾನ. ಇಲ್ಲೂ ಅಂಚಿನ ಜಗಳ ಇತ್ತು. 1940ರ ದಶಕದಲ್ಲಿ ಕೋಲ್ಕತ್ತಾದ ಮಹಾಲನೋಬಿಸ್ ಸಣ್ಣ ತುಂಡು ಕೊಯ್ದರೆ ಸಾಕು ಅಂದ್ರೆ, ಪಿ. ವಿ. ಸುಖಾತ್ಮೆ ಸಣ್ಣ ತುಂಡಿನಲ್ಲಿ ಹಗ್ಗದ ಮೇಲಿನ ಗಿಡಗಳು ಒಳಗೆ ಸೇರಿಕೊಂಡು ಇಳುವರಿ ಉಬ್ಬುತ್ತೆ ಅಂತ ತೋರಿಸಿದ್ರು. ಇಳುವರಿ ಉಬ್ಬಿದ್ರೆ ವಿಮೆ ಬರಲ್ಲ. ಒಂದು ಸಾಲು ಹಗ್ಗದ ಒಳಗೋ ಹೊರಗೋ ಅನ್ನೋದು ಒಂದು ಊರಿನ ದೀಪಾವಳಿ.

2023ರಲ್ಲಿ ಕೇಂದ್ರ ಸರ್ಕಾರ ಯೆಸ್-ಟೆಕ್ ಅಂತ ಹೊಸ ಪದ್ಧತಿ ತಂತು. ಮೊದಲು ಭತ್ತ, ಗೋಧಿಗೆ, ತಂತ್ರಜ್ಞಾನದಿಂದ ಅಂದಾಜಿಸಿದ ಇಳುವರಿಗೆ ಕನಿಷ್ಠ ಶೇ 30 ತೂಕ, ಉಳಿದದ್ದು ಕಟಾವಿಗೆ. ಆ ಅಂದಾಜಿನ ಮಾದರಿಗಳಲ್ಲಿ ಎಲೆ ಎಷ್ಟಿದೆ, ಎಷ್ಟು ಬೆಳಕು ಹಿಡಿದಿದೆ ಅನ್ನೋದೇ ಒಂದು ಮುಖ್ಯ ಇನ್‌ಪುಟ್. ನನಗೆ ಇದರಲ್ಲಿ ವಿರೋಧ ಇಲ್ಲ. ನಾಲ್ಕು ಚೌಕ ನೋಡೋದಕ್ಕಿಂತ ಪಂಚಾಯ್ತಿಯ ಪ್ರತಿ ಗುಂಟೆ ನೋಡೋದು ವಾಸಿ, ಪಿಕ್ಸೆಲ್ಲಿಗೆ ಯಾರ ಫೋನೂ ಬರಲ್ಲ. ಕೇಳಬೇಕಾದ್ದು, ನೆಲದ ಮೇಲೆ ತಾಳೆ ನೋಡೋದು ಯಾರು ಅಂತ. ಎರೆಯ ಜೋಳಕ್ಕೆ, ಮಸಾರಿಯ ಸಜ್ಜೆಗೆ ಆ ಸೂತ್ರಗಳನ್ನ ವಿಸ್ತರಿಸೋ ದಿನ ಬಂದ್ರೆ ಯಲಬುರ್ಗಾದ ಹೊಲದಲ್ಲಿ ನಿಂತು ಸ್ಕೇಲು ಹಿಡಿದು, ಬಿಲ್ಲೆ ಒತ್ತಿ ಅಳೆದ ಎಲೆ ಬೇಕು. ನಮ್ಮ ದೊಡ್ಡಪ್ಪನ ಮಗಳಂಥವರ ಊಟ ಬಿಟ್ಟ ಮಧ್ಯಾಹ್ನಗಳು ಬೇಕು. ಅದಿಲ್ಲದೆ ಉಪಗ್ರಹದ ಎಲ್‌ಎಐ ಅಂದ್ರೆ ಕಾಮೆಂಟ್ ಇಲ್ಲದ ಅಂಕಿ.

ಈ ಕಥೆಯೆಲ್ಲ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಪಿಕ್ಸೆಲ್ ಅಂದ್ರೆ ಗುಂಟೆ ಅನ್ನೋದು ಅವನಿಗೆ ಹಿಡಿಸಿತು. ಆಮೇಲೆ ಕೇಳಿದ, “ಕಾಳು ಆತು. ಕಣಿಕಿ ಲೆಕ್ಕಾ ಹಿಡೀತಾರೇನು?” ಇಲ್ಲ, ವಿಮೆಯಲ್ಲಿ ಇಳುವರಿ ಅಂದ್ರೆ ಕಾಳು. ತೆನೆ ಕೈಕೊಟ್ಟ ವರ್ಷವೂ ಬಣವಿ ಒಟ್ಟಿದ ಕಣಿಕಿಯೇ ಎತ್ತು, ಎಮ್ಮೆ ಉಳಿಸಿದ್ದು. ಅದೂ ಸಿಗದ ವರ್ಷ ದನ ಸಂತೆಗೆ ಹೋಗಿದ್ದು. ಬರೀ ಎಲೆ, ದಂಟಿನದೇ ಆ ನಷ್ಟಕ್ಕೆ ಫಾರ್ಮಿನಲ್ಲಿ ಕಾಲಂ ಇಲ್ಲ ಅಂದೆ. “ಹಂಗಾರ ಎಲಿ ಅಳದು ಏನ್ ಮಾಡ್ತಾರಪಾ” ಅಂದ. ಎತ್ತಿಗೆ ನೀರು ಕುಡಿಸೋ ಹೊತ್ತಾಗಿತ್ತು, ಫೋನಿಟ್ಟ.